ಮಗಳ ಮುಂಗುಸಿ ವೇಷ: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ:

ನಮಸ್ಕಾರ ಮೇಡಂ. ಕಾಸರಗೋಡಿನ ಮುಳ್ಳೇರಿಯದ ಹತ್ತಿರ ನಮ್ಮ ಅಡಿಕೆ ತೋಟ. ಮಗಳಿಗೆ 16 ವರ್ಷ, ಪ್ಲಸ್ ವನ್ (ಹನ್ನೊಂದನೆಯ ತರಗತಿ) ಸಯನ್ಸ್. ಹತ್ತನೆಯವರೆಗೆ ಊರಿನ ಕನ್ನಡ ಮೀಡಿಯಂ ಶಾಲೆಯಲ್ಲಿದ್ದಳು, ಈಗ ಬಸ್ಸಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಾಳೆ. ಕ್ಲಾಸಿನಲ್ಲಿ ಇವಳ ಮಲಯಾಳ ಕೇಳಿ ನಗುತ್ತಾರಂತೆ, ಅದೆಲ್ಲ ಕ್ರಮೇಣ ಸರಿಹೋಗುತ್ತದೆ ಬಿಡಿ. ನನ್ನ ಚಿಂತೆ ಬೇರೆ. ಅವಳು ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಕೆಲವು ತಿಂಗಳಿಂದ ಒಂದೇ ಚಿತ್ರ. ಎರಡು ಕಾಲಿನಲ್ಲಿ ನಿಂತ ಮುಂಗುಸಿ, ಹಸಿರು ಜಾಕೆಟ್, ಒಂದು ಕಿವಿಯ ತುದಿ ಹರಿದಿದೆ. ಹೆಸರು ಕೀರು. ಮೊದಲು ಏನೋ ಕಾರ್ಟೂನ್ ಅಂದುಕೊಂಡೆವು. ಆದರೆ ಫೋನಿನಲ್ಲಿ ಸ್ನೇಹಿತರು ಇವಳನ್ನೇ ಕೀರು ಅಂತ ಕರೆಯುತ್ತಾರೆ, ಇವಳೂ ಓಗೊಡುತ್ತಾಳೆ. ಉಣ್ಣೆಯಲ್ಲಿ ಬಾಲ ಮಾಡಿಕೊಂಡು, ಕಿವಿ ಸಿಕ್ಕಿಸಿಕೊಂಡು ಕೋಣೆಯಲ್ಲಿ ಕೂತಿರುತ್ತಾಳೆ. ಕೇಳಿದರೆ ‘ನಾನು ಫರ್ರಿ, ಇದು ನನ್ನ ಫರ್ಸೋನಾ’ ಅಂದಳು. ಈಗ ಫೋಮಿನಲ್ಲಿ ಮುಂಗುಸಿಯ ತಲೆ ಮಾಡಲು ಮತ್ತು ಯಾರೋ ಹೊರದೇಶದವರ ಹತ್ತಿರ ಚಿತ್ರ ಬರೆಸಲು 8,000 ರೂಪಾಯಿ ಬೇಕಂತೆ.

ಗಲ್ಫಿನಲ್ಲಿರುವ ಭಾವ ಒಂದು ವಿಡಿಯೋ ಕಳಿಸಿದರು. ಅಮೆರಿಕದಲ್ಲಿ ಇಂಥ ಮಕ್ಕಳು ತಾವು ಬೆಕ್ಕು ಅನ್ನುತ್ತಾರೆ, ಅವರಿಗೋಸ್ಕರ ಶಾಲೆಯ ಟಾಯ್ಲೆಟ್ಟಿನಲ್ಲಿ ಬೆಕ್ಕಿನ ಮರಳು (ಸಾಕಿದ ಬೆಕ್ಕಿನ ಶೌಚಕ್ಕೆ ಮನೆಯೊಳಗೆ ಇಡುವಂಥದ್ದು) ಇಡುತ್ತಾರೆ ಅಂತ. ನನ್ನ ಹೆಂಡತಿ ಗೂಗಲ್ ಮಾಡಿದಾಗ ಅಸಹ್ಯ ಚಿತ್ರಗಳು ಬಂದವು. ಅಮ್ಮ ಇದು ಭೂತಪ್ರೇತದ ಸೋಂಕು, ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕು, ಅಂದರೆ ಕವಡೆ ಹಾಕಿಸಿ ಕಾರಣ ಕೇಳಬೇಕು ಅನ್ನುತ್ತಾರೆ. ಇದು ಮಾನಸಿಕ ಕಾಯಿಲೆಯೇ? ಮುಂದೆ ತಾನು ಪ್ರಾಣಿ ಅಂತಲೇ ನಂಬಿಬಿಡುತ್ತಾಳೆಯೇ? ಫೋನ್ ತೆಗೆದಿಟ್ಟರೆ ಸರಿಹೋದೀತೇ? ನಾಳೆ ಸಂಬಂಧ ಕೂಡಿಸುವಾಗ ಯಾರಾದರೂ ಕೇಳಿದರೆ ಏನು ಹೇಳುವುದು?

ಉತ್ತರ:

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದಲಾರಿರಿ. ನೀವು ಬರೆದಷ್ಟರಲ್ಲಿ ಕಾಯಿಲೆಯ ಲಕ್ಷಣ ಒಂದೂ ಇಲ್ಲ. ಒಂದು ಪಾತ್ರ ಕಟ್ಟಿ, ಅದಕ್ಕೆ ಹೆಸರಿಟ್ಟು, ಆ ಹೆಸರಿನಲ್ಲಿ ಸ್ನೇಹಿತರ ಜೊತೆ ಮಾತಾಡುವ ಹುಡುಗಿ ನಿಮ್ಮ ಮಗಳು. ಅವಳ ಬಗ್ಗೆ ಯೋಚಿಸಬೇಕಾದ ವಿಷಯಗಳು ಇವೆ. ಆದರೆ ನೀವು ಹೆದರಿರುವ ಕಡೆಯಲ್ಲಿ ಅವು ಇಲ್ಲ.

ಈ ಫರ್ರಿ ಅನ್ನುವುದು ಏನು ಅಂತ ನೋಡೋಣ. ಮನುಷ್ಯರಂತೆ ನಡೆಯುವ, ಮಾತಾಡುವ, ಬಟ್ಟೆ ಹಾಕುವ ಪ್ರಾಣಿ ಪಾತ್ರಗಳನ್ನು ಇಷ್ಟಪಡುವವರ ಬಳಗ ಅದು. ಅಮೆರಿಕದಲ್ಲಿ 1980ರ ದಶಕದಲ್ಲಿ, ವಿಜ್ಞಾನ ಕಥೆ ಮತ್ತು ಕಾಮಿಕ್ಸ್ ಅಭಿಮಾನಿಗಳ ಕೂಟಗಳೊಳಗೇ ಇದು ಬೇರೆ ಗುಂಪಾಗಿ ಬೆಳೆಯಿತು. ಇವರದ್ದೇ ಆದ ಮೊದಲ ಸಮ್ಮೇಳನ ನಡೆದದ್ದು 1989ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ. ಅಲ್ಲಿ ಸೇರಿದ್ದವರು 65 ಮಂದಿ. ಜರ್ಮನಿಯಲ್ಲಿ ಇಂಥ ಸಮ್ಮೇಳನ 1995ರಲ್ಲಿ ಶುರುವಾಯಿತು. ಪಿಟ್ಸ್‌ಬರ್ಗ್ ನಗರದಲ್ಲಿ 2006ರಿಂದ ನಡೆಯುವ ಸಮ್ಮೇಳನಕ್ಕೆ ಈಗ 10,000ಕ್ಕೂ ಜಾಸ್ತಿ ಜನ ಬರುತ್ತಾರೆ. ನಮ್ಮ ದೇಶದಲ್ಲೂ ಸಣ್ಣ ಸಣ್ಣ ಗುಂಪುಗಳಿವೆ, ಹೆಚ್ಚಿನವು ಡಿಸ್ಕಾರ್ಡ್ ಮತ್ತು ಟೆಲಿಗ್ರಾಂ ಎಂಬ ಚಾಟ್ ಆ್ಯಪ್‌ಗಳಲ್ಲಿ.

ಈ ಬಳಗದವರು ಬಹುಪಾಲು ಎಲ್ಲರೂ ತಮಗೆ ಅಂತ ಒಂದು ಪ್ರಾಣಿ ಪಾತ್ರ ಮಾಡಿಕೊಂಡಿರುತ್ತಾರೆ. ಅದೇ ಫರ್ಸೋನಾ. ತೋಳ, ನರಿ, ನಾಯಿ, ಬೆಕ್ಕು, ಡ್ರ್ಯಾಗನ್ ಜಾಸ್ತಿ. ಅದರ ಬಣ್ಣ, ಬಟ್ಟೆ, ಸ್ವಭಾವ, ಕಥೆ ಎಲ್ಲವನ್ನೂ ತಾವೇ ಕಟ್ಟುತ್ತಾರೆ. ಮೈತುಂಬ ರೋಮದ ಉಡುಪು ಹಾಕುವವರ ಫೋಟೋ ಎಲ್ಲ ಕಡೆ ಓಡಾಡುವುದರಿಂದ ಫರ್ರಿ ಅಂದರೆ ಉಡುಪು ಅಂತಲೇ ಜನ ತಿಳಿದಿದ್ದಾರೆ. ನಿಜವಾಗಿ ಫರ್‌ಸೂಟ್ ಇರುವವರು ಸಣ್ಣ ಪಾಲು. ಉಳಿದವರು ಚಿತ್ರ ಬಿಡಿಸುತ್ತಾರೆ, ಕಥೆ ಬರೆಯುತ್ತಾರೆ, ಹರಟುತ್ತಾರೆ.

ಕ್ಯಾಥ್ಲೀನ್ ಗರ್ಬಾಸಿ, ಕೋರ್ಟ್ನಿ ಪ್ಲಾಂಟೆ, ಸ್ಟೀಫನ್ ರೇಸನ್, ಶರಾನ್ ರಾಬರ್ಟ್ಸ್ ಎಂಬ ಸಂಶೋಧಕರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇವರನ್ನೇ ಅಧ್ಯಯನ ಮಾಡಿದ್ದಾರೆ. ನನ್ನ ಕೌನ್ಸೆಲಿಂಗ್ ಕೆಲಸಕ್ಕೆ ಅವರ ಬರಹಗಳಿಂದ ತುಂಬ ಉಪಕಾರವಾಗಿದೆ. ಅವರು ಮತ್ತೆ ಮತ್ತೆ ಕಂಡದ್ದು ಇಷ್ಟು: ಹೆಚ್ಚಿನವರು ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನ ವಯಸ್ಸಿನವರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಗೇಲಿಗೆ, ಪೀಡನೆಗೆ ಸಿಕ್ಕವರು ಇವರಲ್ಲಿ ಉಳಿದವರಿಗಿಂತ ಜಾಸ್ತಿ. ತಮ್ಮ ಪಾತ್ರ ತಾವು ಆಗಬೇಕೆಂದಿರುವ ತಮ್ಮದೇ ರೂಪ ಅಂತ ಬಹಳ ಮಂದಿ ಹೇಳುತ್ತಾರೆ. ಆ ಪಾತ್ರ ತನಗಿಂತ ಧೈರ್ಯಸ್ಥ, ತನಗಿಂತ ಮಾತುಗಾರ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಯಿಲೆಯ ಪ್ರಶ್ನೆ. ನಾವು ಕಾಯಿಲೆಗಳನ್ನು ಗುರುತಿಸಲು ಬಳಸುವ ಎರಡು ದೊಡ್ಡ ಪಟ್ಟಿಗಳಿವೆ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಮತ್ತು ಅಮೆರಿಕದ ಡಿಎಸ್ಎಂ-5. ಫರ್ರಿ ಆಗಿರುವುದು ಎರಡರಲ್ಲೂ ಇಲ್ಲ. ತಾನು ಪ್ರಾಣಿಯಾಗಿ ಬದಲಾಗುತ್ತಿದ್ದೇನೆ ಅಂತ ನಿಜಕ್ಕೂ ನಂಬುವ ಒಂದು ಸ್ಥಿತಿ ಇದೆ, ಅದನ್ನು ಕ್ಲಿನಿಕಲ್ ಲೈಕಾಂತ್ರೊಪಿ ಅನ್ನುತ್ತಾರೆ. ಅದು ತೀರಾ ಅಪರೂಪ. ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆ, ಬೈಪೋಲಾರ್ ಇಂಥವುಗಳ ಭಾಗವಾಗಿ ಬರುತ್ತದೆ. ಆ ಮನುಷ್ಯನಿಗೆ ಅದರಲ್ಲಿ ಖುಷಿ ಇರುವುದಿಲ್ಲ, ಭಯ ಇರುತ್ತದೆ. ಮೈಯಲ್ಲಿ ರೋಮ ಹುಟ್ಟುತ್ತಿದೆ, ಹಲ್ಲು ಬದಲಾಗುತ್ತಿದೆ ಅಂತ ಕನ್ನಡಿ ನೋಡಿ ಕಂಗೆಡುತ್ತಾನೆ. ನಿಮ್ಮ ಮಗಳು ಉಣ್ಣೆ ತಂದು ಬಾಲ ಹೆಣೆದಿದ್ದಾಳೆ. ಬಾಲ ತನಗೆ ಇಲ್ಲ ಅಂತ ಗೊತ್ತಿರುವುದಕ್ಕೇ ಹೆಣೆದದ್ದು, ಅಲ್ವಾ?

ಇನ್ನೊಂದು ಗುಂಪಿನ ಹೆಸರು ನೀವು ಹುಡುಕುವಾಗ ಕಾಣಿಸಬಹುದು: ಥೇರಿಯನ್. ತನ್ನ ಒಳಗಿನ ಒಂದಂಶ ಪ್ರಾಣಿಯದ್ದು ಅಂತ ಗಂಭೀರವಾಗಿ ಅನ್ನಿಸುವವರು ಅವರು. ಫರ್ರಿಗಳಲ್ಲಿ ಅವರು ಅಲ್ಪ ಪಾಲು. ಅವರಲ್ಲೂ ಹೆಚ್ಚಿನವರಿಗೆ ತಮ್ಮ ದೇಹ ಮನುಷ್ಯನದ್ದು ಅಂತ ಸರಿಯಾಗಿ ಗೊತ್ತಿರುತ್ತದೆ. ಹಾಗಾಗಿ ಅದೂ ತಾನಾಗಿಯೇ ಕಾಯಿಲೆ ಅಲ್ಲ.

ನಿಮ್ಮ ಭಾವ ಕಳಿಸಿದ ವಿಡಿಯೋ ಸುಳ್ಳು. ಈ ಕಥೆ ಹಬ್ಬಿದ್ದು 2021ರ ಕೊನೆಯಲ್ಲಿ, ಮಿಶಿಗನ್ ರಾಜ್ಯದ ಮಿಡ್‌ಲ್ಯಾಂಡ್ ಊರಿನ ಶಾಲಾ ಮಂಡಳಿಯ ಸಭೆಯಲ್ಲಿ ಯಾರೋ ಒಬ್ಬರು ಹಾಗೆ ದೂರಿದ ಮೇಲೆ. 2022ರ ಜನವರಿಯಲ್ಲಿ ಅಲ್ಲಿನ ಶಾಲೆಗಳ ಮುಖ್ಯಸ್ಥರೇ, ನಮ್ಮಲ್ಲಿ ಅಂಥದ್ದು ಯಾವತ್ತೂ ಇರಲಿಲ್ಲ ಅಂತ ಬಹಿರಂಗವಾಗಿ ಹೇಳಬೇಕಾಯಿತು. ಆ ಹೊತ್ತಿಗೆ ರಾಜಕಾರಣಿಗಳು ಅದನ್ನು ಎತ್ತಿಕೊಂಡಾಗಿತ್ತು. ಊರಿಂದೂರಿಗೆ ಅದೇ ಕಥೆ, ಊರಿನ ಹೆಸರು ಮಾತ್ರ ಬೇರೆ. ಕೊಲರಾಡೊದ ಜೆಫರ್ಸನ್ ಕೌಂಟಿಯಲ್ಲಿ ಮಾತ್ರ ಕೆಲವು ತರಗತಿಗಳಲ್ಲಿ ಬೆಕ್ಕಿನ ಮರಳು ನಿಜವಾಗಿಯೂ ಇತ್ತು. ಬಂದೂಕುಧಾರಿ ಶಾಲೆಗೆ ನುಗ್ಗಿ, ಮಕ್ಕಳು ಗಂಟೆಗಟ್ಟಲೆ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೂರಬೇಕಾಗಿ ಬಂದರೆ ಶೌಚಕ್ಕೆ ಅಂತ ಬಕೆಟ್ಟಿನ ಜೊತೆ ಇಟ್ಟದ್ದು. ಭಾವನವರಿಗೆ ಇಷ್ಟು ಹೇಳಿ. ಆ ವಿಡಿಯೋ ಕುಟುಂಬದ ಗ್ರೂಪಿಗೆ ಹೋಗಿದ್ದರೆ ಅಲ್ಲೇ ಹೇಳಿ, ಯಾಕೆಂದರೆ ನಿಮ್ಮ ಮಗಳೂ ಅದನ್ನು ನೋಡಿರುತ್ತಾಳೆ.

ನಿಮ್ಮ ಹೆಂಡತಿ ಕಂಡದ್ದು ಸುಳ್ಳಲ್ಲ. ಈ ಬಳಗದಲ್ಲಿ ವಯಸ್ಕರಿಗೆ ಮಾತ್ರವಾದ ಚಿತ್ರಗಳೂ ಇವೆ, ಅಂಥ ಗುಂಪುಗಳೂ ಇವೆ. ಇಡೀ ಬಳಗವೇ ಅದು ಅನ್ನುವುದು ತಪ್ಪು, ಅದು ಇಲ್ಲವೇ ಇಲ್ಲ ಅನ್ನುವುದೂ ತಪ್ಪು. ಚೆನ್ನಾಗಿ ನಡೆಯುವ ಗುಂಪುಗಳು 18 ವರ್ಷದ ಗೆರೆ ಎಳೆದು, ಆ ನಿಯಮ ಮುರಿದವರನ್ನು ಹೊರಗೆ ಹಾಕುತ್ತವೆ. ಹಾಗೆ ಮಾಡದ ಗುಂಪುಗಳೂ ಇವೆ. ಎಚ್ಚರ ಬೇಕಾದದ್ದು ಇಲ್ಲಿ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಅಮ್ಮನ ಮಾತಿಗೆ ಬರೋಣ. ನಮ್ಮ ಊರಿನಲ್ಲಿ ಪ್ರಾಣಿಯ ರೂಪ ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ದೈವ. ಹಂದಿ ರೂಪದ ಪಂಜುರ್ಲಿ, ಹುಲಿ ರೂಪದ ಪಿಲಿಚಾಮುಂಡಿ. ಅದರ ಕಟ್ಟು, ವ್ರತ, ನೇಮ ಎಲ್ಲ ಬೇರೆಯೇ. ಮಗಳ ಮುಂಗುಸಿಯನ್ನು ಅದರ ಪಕ್ಕದಲ್ಲಿ ಇಟ್ಟು ವಿವರಿಸಲು ಹೋಗಬೇಡಿ. ಅಮ್ಮನಿಗೆ ಅದು ದೈವಕ್ಕೆ ಮಾಡಿದ ಅಪಚಾರ ಅನ್ನಿಸುತ್ತದೆ, ಮಗಳಿಗೆ ತನ್ನ ಮೇಲೆ ಹೊರಿಸಿದ ಭಾರ ಅನ್ನಿಸುತ್ತದೆ. ಹೋಲಿಸಲೇಬೇಕಾದರೆ ಯಕ್ಷಗಾನವೇ ಹತ್ತಿರ. ಚೌಕಿಯಲ್ಲಿ ಬಣ್ಣ ಹಚ್ಚಿ, ವಾಲಿಯೋ ಸುಗ್ರೀವನೋ ಆಗಿ ರಂಗಕ್ಕೆ ಬಂದವರು ಇಡೀ ರಾತ್ರಿ ಕುಣಿದು, ಬೆಳಿಗ್ಗೆ ಬಣ್ಣ ತೆಗೆದು ಮೊದಲ ಬಸ್ಸಿಗೆ ಮನೆಗೆ ಹೋಗುತ್ತಾರೆ. ಅವರನ್ನು ನೋಡಿ ಯಾರೂ ಕಪಿ ಆಗಿಬಿಟ್ಟರು ಅನ್ನುವುದಿಲ್ಲ. ವ್ಯತ್ಯಾಸವೂ ಇದೆ. ವಾಲಿಯ ಪಾತ್ರ ಪ್ರಸಂಗದಿಂದ ಬಂದದ್ದು, ಅದನ್ನು ಸಾವಿರ ಜನ ಮಾಡಿದ್ದಾರೆ. ಕೀರುವನ್ನು ನಿಮ್ಮ ಮಗಳು ಒಬ್ಬಳೇ, ತನಗೋಸ್ಕರ ಕಟ್ಟಿದ್ದಾಳೆ. ಅದಕ್ಕೇ ಅದರ ಬಗ್ಗೆ ನಕ್ಕರೆ ಅವಳಿಗೆ ಅಷ್ಟು ನೋವಾಗುತ್ತದೆ.

ಪ್ರಶ್ನೆ ಇಡಿಸುವುದು ನಿಮ್ಮ ಮನೆಯ ನಂಬಿಕೆ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಮಗಳನ್ನು ಎದುರಿಗೆ ಕೂರಿಸಿ, ನಾಲ್ಕು ಮನೆಯ ಜನರ ಮುಂದೆ ಅವಳ ಬಾಲ, ಕಿವಿಯ ವಿಷಯ ಎತ್ತಿ ಇಡಿಸಬೇಡಿ. ಅಂಥ ಅವಮಾನ ಆದ ಮೇಲೆ ನನ್ನಲ್ಲಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ಅವರನ್ನು ಮತ್ತೆ ಮಾತಿಗೆ ತರುವುದು ಬಹಳ ಕಷ್ಟ.

ಹಾಗಾದರೆ ಯಾಕೆ ಪ್ರಾಣಿ? ಯಾಕೆ ಈಗ?

ಹದಿನಾರರ ಹೊತ್ತಿಗೆ ಎಲ್ಲ ಮಕ್ಕಳೂ ತಾನು ಯಾರು ಅಂತ ಹುಡುಕುತ್ತಾರೆ. ಒಬ್ಬ ಕ್ರಿಕೆಟಿಗನ ಹಾಗೆ ಕೂದಲು ಕತ್ತರಿಸಿಕೊಳ್ಳುತ್ತಾನೆ, ಇನ್ನೊಬ್ಬಳು ಕೊರಿಯದ ಹಾಡುಗಾರರ ಭಾಷೆ ಕಲಿಯುತ್ತಾಳೆ. ಪ್ರಾಣಿ ಪಾತ್ರದಲ್ಲಿ ಒಂದು ವಿಶೇಷ ಅನುಕೂಲ ಇದೆ. ಅದಕ್ಕೆ ಜಾತಿ ಇಲ್ಲ, ಮೈಬಣ್ಣದ ತಾರತಮ್ಯ ಇಲ್ಲ, ದಪ್ಪ ತೆಳು ಇಲ್ಲ, ಮಾರ್ಕು ಇಲ್ಲ. ನಾಚಿಕೆ ಸ್ವಭಾವದ ಮಗುವಿಗೆ ತನ್ನ ಬಗ್ಗೆ ‘ನಾನು’ ಅಂತ ಹೇಳಲಾಗದ್ದನ್ನು ‘ಅವನು’ ಅಂತ ಹೇಳಲು ಬರುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ, ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ, ತನ್ನ ಪಾತ್ರದ ರೆಫರೆನ್ಸ್ ಶೀಟ್ ತಂದು ಮೇಜಿನ ಮೇಲೆ ಹರಡಿದ. ಅದೊಂದು ನೀರುನಾಯಿ. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ಮೂರು ಚಿತ್ರ. ಕೆಳಗೆ ಸಾಲಾಗಿ ಬಣ್ಣದ ಚೌಕಗಳು, ಹೊಟ್ಟೆಗೆ ಒಂದು ಕಂದು, ಬೆನ್ನಿಗೆ ಇನ್ನೊಂದು. ಅಂಗಾಲಿನ ಚಿತ್ರ ಬೇರೆಯೇ, ಬೆರಳುಗಳ ನಡುವಿನ ಚರ್ಮ ತೋರಿಸಲು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇಷ್ಟ, ಇಷ್ಟವಿಲ್ಲ ಅಂತ ಎರಡು ಪಟ್ಟಿ. ಇಷ್ಟವಿಲ್ಲದ್ದರಲ್ಲಿ ಮೊದಲನೆಯದು: ‘ಇನ್ನೊಮ್ಮೆ ಹೇಳು ಅನ್ನುವುದು.’ ಆ ಹುಡುಗನಿಗೆ ತೊದಲು ಇತ್ತು. ಅವನ ತಂದೆ ತಾಯಿ ಅಷ್ಟು ದಿನ ಆ ಹಾಳೆಯನ್ನು ನೋಡಿದ್ದರು, ಆದರೆ ಮೂಲೆಯ ಅಕ್ಷರ ಓದಿರಲಿಲ್ಲ.

ನಿಮ್ಮ ಪತ್ರದಲ್ಲೂ ಅಂಥ ಒಂದು ಮೂಲೆ ಇದೆ. ಕ್ಲಾಸಿನಲ್ಲಿ ಇವಳ ಮಲಯಾಳ ಕೇಳಿ ನಗುತ್ತಾರೆ ಅಂತ ಬರೆದು, ಅದೇ ವಾಕ್ಯದಲ್ಲಿ ಸರಿಹೋಗುತ್ತದೆ ಬಿಡಿ ಅಂದಿರಿ. ಸ್ವಲ್ಪ ಅಲ್ಲಿ ನಿಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಓದಿ, ಕೈ ಎತ್ತಿ ಉತ್ತರ ಹೇಳಿ, ಬಹುಮಾನ ತಗೊಂಡ ಹುಡುಗಿ ಒಂದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಮೂಕಳಾಗುತ್ತಾಳೆ. ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಗೆಳತಿಯರ ತಮಾಷೆ ಮಲಯಾಳದಲ್ಲಿ. ಅರ್ಥ ಆಗುತ್ತದೆ, ಆದರೆ ಬಾಯಿ ತೆರೆದರೆ ನಗು. ಮಂಜೇಶ್ವರದಿಂದ ಅಡೂರಿನವರೆಗೆ ಎಷ್ಟೋ ಕನ್ನಡ ಮಕ್ಕಳ ಪ್ಲಸ್ ವನ್ ಹೀಗೇ ಶುರುವಾಗುತ್ತದೆ. ಇದನ್ನು ನಾವು ಗಡಿನಾಡಿನವರು ಎಷ್ಟು ಸಹಜ ಅಂತ ಒಪ್ಪಿಕೊಂಡಿದ್ದೇವೆ ಅಂದರೆ, ಮಗು ಹೇಳಿದರೂ ನಮ್ಮ ಕಿವಿಗೆ ಬೀಳುವುದಿಲ್ಲ. ನನಗೆ ಇದರ ಬಗ್ಗೆ ತುಂಬ ಸಂಕಟ ಇದೆ.

ಕೆಲವು ತಿಂಗಳಿಂದ ಮುಂಗುಸಿ ಅಂದಿರಿ. ಪ್ಲಸ್ ವನ್ ಶುರುವಾದದ್ದೂ ಆಗಲೇ ಇರಬೇಕು, ಲೆಕ್ಕ ಹಾಕಿ ನೋಡಿ. ತೋಟದಲ್ಲಿ ಮುಂಗುಸಿಯನ್ನು ನೀವು ದಿನಾ ನೋಡುತ್ತೀರಿ. ಸಣ್ಣ ಪ್ರಾಣಿ, ಆದರೆ ನಾಗರಹಾವಿನ ಎದುರು ಹಿಂದೆ ಸರಿಯುವುದಿಲ್ಲ. ಕಿವಿ ಹರಿದರೂ ನಿಂತಿದೆ. ಅದು ಯಾಕೆ ಮುಂಗುಸಿ, ಆ ಕಿವಿ ಹೇಗೆ ಹರಿಯಿತು ಅಂತ ನಾನು ಇಲ್ಲಿ ಕೂತು ಊಹಿಸಬಾರದು. ನೀವು ಅವಳನ್ನು ಕೇಳಬೇಕು. ಖಂಡಿತ ಅದಕ್ಕೊಂದು ಕಥೆ ಇದೆ. ಆ ಕಥೆಯನ್ನು ಅವಳು ಯಾರೋ ದೂರದ ಸ್ನೇಹಿತರಿಗೆ ಇಂಗ್ಲಿಷಿನಲ್ಲಿ ಹೇಳಿಯಾಗಿರುತ್ತದೆ.

ಇನ್ನು ಏನು ಮಾಡುವುದು ಅಂತ. ನಿಮ್ಮ ಮುಂದೆ ಮೂರು ದಾರಿ ಇವೆ.

ಫೋನ್ ಕಿತ್ತುಕೊಂಡು, ಬಾಲ ಕಿವಿ ಬಚ್ಚಲೊಲೆಗೆ ಹಾಕುವುದು ಒಂದು. ಎರಡು ದಿನ ಮನೆ ಶಾಂತವಾಗಿರುತ್ತದೆ. ಆಮೇಲೆ ಗೆಳತಿಯ ಫೋನಿನಲ್ಲಿ ಇನ್ನೊಂದು ಅಕೌಂಟ್ ಬರುತ್ತದೆ. ದೊಡ್ಡ ಅಪಾಯ ಅದಲ್ಲ. ನಾಳೆ ಆ ಕಡೆಯಿಂದ ಯಾರಾದರೂ ಅವಳನ್ನು ಹೆದರಿಸಿದರೆ, ಫೋಟೋ ಕೇಳಿದರೆ, ಅವಳು ನಿಮ್ಮ ಹತ್ತಿರ ಬರುವುದಿಲ್ಲ. ಬಂದರೆ ಇದ್ದದ್ದೂ ಹೋಗುತ್ತದೆ ಅಂತ ಅವಳಿಗೆ ಗೊತ್ತಿರುತ್ತದೆ. ಈ ದಾರಿ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಏನೂ ಕೇಳದೆ ಸುಮ್ನೆ ಬಿಟ್ಟುಬಿಡುವುದು ಇನ್ನೊಂದು. ಇದೂ ಸರಿಯಲ್ಲ. ಇವಳ ಜೊತೆ ಚಾಟ್ ಮಾಡುವ ಪಾತ್ರದ ಹಿಂದೆ ಇವಳಂತೆ ಹದಿನಾರರ ಹುಡುಗಿ ಇರಬಹುದು, ನಲವತ್ತರ ಗಂಡಸೂ ಇರಬಹುದು. ಮುದ್ದಾದ ನರಿಯ ಚಿತ್ರ ಇಬ್ಬರನ್ನೂ ಒಂದೇ ಥರ ತೋರಿಸುತ್ತದೆ.

ಉಳಿದದ್ದು ಜೊತೆಗೆ ಕೂತು ನೋಡುವುದು. ನಿಧಾನದ ಕೆಲಸ, ಆದರೆ ಫಲ ಕಂಡಿದ್ದೇನೆ. ಮೊದಲ ದಿನ ನಿಯಮ ಹೇಳಬೇಡಿ, ಕೀರುವಿನ ಬಗ್ಗೆ ಕೇಳಿ. ಚಿತ್ರದ ಪುಸ್ತಕ ತೋರಿಸು ಅನ್ನಿ. ಅಜ್ಜಿಗೂ ತೋರಿಸಲಿ. ಮೊಮ್ಮಗಳು ಬಿಡಿಸಿದ ಚಿತ್ರ ಅಂತ ಕಂಡಾಗ ಸೋಂಕಿನ ಭಯ ಎಷ್ಟೋ ಕಡಿಮೆಯಾಗುತ್ತದೆ.

ಒಂದೆರಡು ವಾರ ಕಳೆದ ಮೇಲೆ ಕೆಲವು ಮಾತು ಗಟ್ಟಿಯಾಗಿಯೇ ಆಗಬೇಕು. ಅವಳಿರುವ ಗುಂಪುಗಳು ಯಾವುವು, 18 ವರ್ಷದೊಳಗಿನವರಿಗೆ ಅಲ್ಲಿ ಏನು ನಿಯಮ ಅಂತ ಅವಳೇ ನಿಮಗೆ ತೋರಿಸಬೇಕು. ವಯಸ್ಸು ಸುಳ್ಳು ಹೇಳಿ ವಯಸ್ಕರ ಗುಂಪಿಗೆ ಸೇರುವ ಹಾಗಿಲ್ಲ. ಮುಖ, ಯೂನಿಫಾರ್ಮ್, ಬಸ್ಸಿನ ಬೋರ್ಡ್, ಶಾಲೆಯ ಹೆಸರು ಯಾವುದೂ ಫೋಟೋದಲ್ಲಿ ಬರಬಾರದು. ಈ ಬಳಗದಲ್ಲಿ ಪಾತ್ರದ ಹೆಸರಿನಲ್ಲೇ ಎಲ್ಲ ನಡೆಯುವುದರಿಂದ ಇದು ಕಷ್ಟವಲ್ಲ, ಯಾರೂ ತಪ್ಪು ತಿಳಿಯುವುದಿಲ್ಲ. ಗುಂಪು ಬಿಟ್ಟು ಬೇರೆಯಾಗಿ ಖಾಸಗಿ ಚಾಟಿಗೆ ಬಾ ಅನ್ನುವ, ‘ಮನೆಯವರಿಗೆ ಹೇಳಬೇಡ’ ಅನ್ನುವ ವಯಸ್ಕ ಯಾರೇ ಆದರೂ ಅಲ್ಲಿಗೇ ಬ್ಲಾಕ್. ಪಾತ್ರದ ಆಟ ಅಂತ ಶುರುಮಾಡಿ ಅಸಭ್ಯ ಮಾತಿಗೆ ಇಳಿಸುವುದು ಇಂಥ ವಯಸ್ಕರು ಬಳಸುವ ಒಂದು ಉಪಾಯ. ಆಡುತ್ತಿರುವುದು ಮುಂಗುಸಿ, ನೀನಲ್ಲ ಅಂತ ಮಗುವಿಗೆ ಅನ್ನಿಸುವ ಹಾಗೆ ಮಾಡುತ್ತಾರೆ. ಇದನ್ನು ಅವಳಿಗೆ ಈ ಮಾತಿನಲ್ಲೇ ಹೇಳಿ. 18ರ ಒಳಗಿನ ಮಗುವಿನಿಂದ ಅಶ್ಲೀಲ ಚಿತ್ರ ಕೇಳುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ, ತಪ್ಪು ಕೇಳಿದವನದ್ದು, ಅವಳದ್ದಲ್ಲ. ಅಂಥದ್ದು ಆದರೆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮಕ್ಕಳ ಸಹಾಯವಾಣಿ 1098. ಆನ್‌ಲೈನ್ ಹಣದ ಮೋಸವಾದರೆ 1930.

ದುಡ್ಡಿನ ವಿಷಯ. ಬೇರೆಯವರಿಂದ ತನ್ನ ಪಾತ್ರದ ಚಿತ್ರ ಬರೆಸುವುದಕ್ಕೆ ಅವರು ಕಮಿಷನ್ ಅನ್ನುತ್ತಾರೆ. ಅದು ಈ ಬಳಗದಲ್ಲಿ ಮಾಮೂಲು, ಎಷ್ಟೋ ಕಲಾವಿದರು ಅದರಿಂದಲೇ ಬದುಕುತ್ತಾರೆ. ಮೋಸವೂ ಅಷ್ಟೇ ಸಾಮಾನ್ಯ. ಮುಂಗಡ ತಗೊಂಡು ಮಾಯವಾಗುವವರು, ಇನ್ನೊಬ್ಬರ ಚಿತ್ರ ತೋರಿಸಿ ತಮ್ಮದು ಅನ್ನುವವರು ಇದ್ದಾರೆ. ಪೇಪಾಲ್‌ನಂಥ ಅಕೌಂಟ್ ತೆರೆಯಲು 18 ಆಗಿರಬೇಕು, ಹಾಗಾಗಿ ಹಣ ಹೇಗೂ ನಿಮ್ಮ ಕೈಯಿಂದಲೇ ಹೋಗಬೇಕು. ಅದು ಒಳ್ಳೆಯದೇ. ಆ ಕಲಾವಿದರ ಹಳೆಯ ಕೆಲಸ, ಬರೆಸಿದವರ ಅಭಿಪ್ರಾಯ ಅವಳ ಜೊತೆ ಕೂತು ನೋಡಿ, ಸಣ್ಣ ಮೊತ್ತದ ಒಂದು ಚಿತ್ರದಿಂದ ಶುರುಮಾಡಿ. ಇಡೀ 8,000 ಒಟ್ಟಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಫೋಮಿನ ತಲೆಗೆ ನಾನು ಬೇಡ ಅನ್ನುವುದಿಲ್ಲ. ವೃತ್ತಿಯವರು ಮಾಡುವ ಪೂರ್ತಿ ಫರ್‌ಸೂಟಿಗೆ ಸಾವಿರಾರು ಡಾಲರ್ ಆಗುತ್ತದೆ, ಅದನ್ನು ಮರೆತುಬಿಡಿ. ತಲೆ ಮಾತ್ರ ಮನೆಯಲ್ಲಿ ಮಾಡಬಹುದು. ಸೋಫಾ ರಿಪೇರಿ ಅಂಗಡಿಯಲ್ಲಿ ಫೋಮಿನ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ಕತ್ತರಿಸಿ, ತಲೆಯ ಅಳತೆಗೆ ಅಂಟಿಸಿ, ಮೂತಿ, ಕೆನ್ನೆ ಕೊರೆದು, ಮೇಲೆ ಕೃತಕ ರೋಮದ ಬಟ್ಟೆ ಹೊಲಿಯುತ್ತಾರೆ. ಕಣ್ಣಿನ ಜಾಗದಲ್ಲಿ ಬಣ್ಣ ಬಳಿದ ಜಾಲರಿ ಬಟ್ಟೆ, ಅದರ ಮೂಲಕವೇ ನೋಡಬೇಕು. ಹಾಟ್ ಗ್ಲೂ ಗನ್ ಬಳಸುವಾಗ ಬೆರಳು ಸುಟ್ಟುಕೊಳ್ಳುವುದು ಮಾಮೂಲು, ಮೊದಲ ಸಲ ನೀವು ಹತ್ತಿರ ಇರಿ.

ನಿಜವಾದ ಅಪಾಯ ಸೆಕೆ. ಚಳಿ ದೇಶಗಳ ಸಮ್ಮೇಳನಗಳಲ್ಲೇ ತಲೆ ತೆಗೆದು ಸುಧಾರಿಸಿಕೊಳ್ಳಲು ಫ್ಯಾನ್, ನೀರು ಇಟ್ಟ ಬೇರೆ ಕೋಣೆ ಇರುತ್ತದೆ. ಸೂಟ್ ಹಾಕಿದವರ ಕೈ ಹಿಡಿದು ನಡೆಸಲು ಒಬ್ಬರು ಜೊತೆಗಿರುತ್ತಾರೆ, ಯಾಕೆಂದರೆ ಕಾಲಬುಡದ ಮೆಟ್ಟಿಲೂ ಕಾಣುವುದಿಲ್ಲ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಅಂದರೆ ಮೈ ತಣಿಯುವುದೂ ಇಲ್ಲ. ಆ ತಲೆ ಹಾಕಿಕೊಂಡು ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಬಾಯಿಯ ಕಡೆ ಗಾಳಿಗೆ ದೊಡ್ಡ ತೂತು ಇರಲಿ. ಒಬ್ಬಳೇ ಇರುವಾಗ, ರಸ್ತೆಯಲ್ಲಿ, ಕೆರೆ ಬಾವಿ ಹತ್ತಿರ ಹಾಕುವುದೇ ಬೇಡ. ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಕೂಡಲೇ ತೆಗೆದು, ನೆರಳಲ್ಲಿ ಕೂತು, ಮೈಗೆ ನೀರು ಹಾಕಿ, ಕುಡಿಯಲು ಕೊಡಿ. ಮಾತು ತಡವರಿಸಿದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಮಳೆಗಾಲದಲ್ಲಿ ಫೋಮ್, ರೋಮ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಇದನ್ನು ಲಘುವಾಗಿ ತಗೊಳ್ಳಬೇಡಿ. ತಲೆ ಮಾಡುವ ಕೆಲಸ ಮಳೆ ಕಳೆದ ಮೇಲೆ ಇಟ್ಟುಕೊಂಡರೆ ಒಣಗಿಸಲು ಬಿಸಿಲಾದರೂ ಸಿಗುತ್ತದೆ. ಮುಂದೆ ಯಾವತ್ತಾದರೂ ಬೆಂಗಳೂರಿನ ಕಾಮಿಕ್ ಕಾನ್‌ನಂಥ ಕಡೆ ಹೋಗಬೇಕು ಅಂದರೆ ನೀವೋ ಅವಳ ಅಮ್ಮನೋ ಜೊತೆಗೆ ಹೋಗಿ.

ಸಂಬಂಧದ ಮಾತು. ಅವಳಿಗೆ 16, ಆ ಚಿಂತೆ ಈಗ ಬೇಡವೇ ಬೇಡ. ಅದರ ಹಿಂದೆ ನೀವು ಬರೆಯದ ಇನ್ನೊಂದು ಪ್ರಶ್ನೆಯೂ ಇರಬಹುದು ಅಂತ ನನಗೆ ಅನ್ನಿಸಿತು. ಗೇ, ಲೆಸ್ಬಿಯನ್, ಟ್ರಾನ್ಸ್ ಅಂತ ಗುರುತಿಸಿಕೊಳ್ಳುವವರು ಈ ಬಳಗದಲ್ಲಿ ಹೊರಗಿನ ಸಮಾಜಕ್ಕಿಂತ ಜಾಸ್ತಿ ಅಂತ ಸಮೀಕ್ಷೆಗಳು ಹೇಳುತ್ತವೆ. ಯಾರೂ ಬೈಯದ ಜಾಗಕ್ಕೆ ಅಂಥ ಮಕ್ಕಳು ಬಂದು ಸೇರುತ್ತಾರೆ. ಫರ್ರಿ ಆದದ್ದರಿಂದ ಯಾರೂ ಹಾಗಾಗುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಇದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಅವಳೇ ಯಾವತ್ತಾದರೂ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ಅದೂ ಕಾಯಿಲೆಯಲ್ಲ.

ಯಾವಾಗ ನಮ್ಮಂಥವರ ಹತ್ತಿರ ಕರೆದುಕೊಂಡು ಬರಬೇಕು? ಪಾತ್ರದ ಜೊತೆಗೆ ಉಳಿದ ಬದುಕೂ ನಡೆಯುತ್ತಿದ್ದರೆ, ಅಂದರೆ ಊಟ, ನಿದ್ದೆ, ಓದು, ಮನೆಯವರ ಜೊತೆ ಜಗಳ ಸಮೇತ ಎಲ್ಲ ಇದ್ದರೆ, ಅವಸರವಿಲ್ಲ. ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ರಾತ್ರಿಯಿಡೀ ಎಚ್ಚರವಿದ್ದರೆ, ಶಾಲೆಗೆ ಹೋಗಲೊಲ್ಲೆ ಅಂದರೆ, ಫೋನ್ ಸದ್ದಾದ ಕೂಡಲೇ ಹೆದರಿದರೆ, ಹಣ ಕಾಣೆಯಾದರೆ ಬನ್ನಿ. ಕೈ ಕೊಯ್ದುಕೊಂಡ ಗುರುತು, ಸಾಯುವ ಮಾತು, ಇಲ್ಲದ ಧ್ವನಿ ಕೇಳಿಸುವುದು, ಮೈ ನಿಜಕ್ಕೂ ಬದಲಾಗುತ್ತಿದೆ ಅನ್ನುವ ಭಯ ಕಂಡರೆ ಅದೇ ದಿನ ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ಸಂಖ್ಯೆ 1056. ಕೌನ್ಸೆಲಿಂಗಿಗೆ ಬರುವಾಗ ಮಗಳಿಗೆ ಮುಂಗುಸಿಯ ಹುಚ್ಚು ಬಿಡಿಸಲು ಕರೆದೊಯ್ಯುತ್ತೇವೆ ಅಂತ ಹೇಳಬೇಡಿ. ಕ್ಲಾಸಿನ ವಿಷಯ ಮಾತಾಡೋಣ ಅನ್ನಿ, ಅದು ನಿಜವೂ ಹೌದು.

ಅದೇ ಕ್ಲಾಸಿನ ವಿಷಯಕ್ಕೆ ನೀವು ಈ ವಾರವೇ ಹೋಗಬೇಕು ಅಂತ ನನ್ನ ಒತ್ತಾಯ. ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಸೌಹೃದ ಕ್ಲಬ್ ಅಂತ ಇದೆ, ಹದಿಹರೆಯದ ಮಕ್ಕಳ ಕಷ್ಟ ಕೇಳಲು ಅದಕ್ಕೊಬ್ಬರು ಟೀಚರ್ ಇರುತ್ತಾರೆ. ಮಗಳಿಗೆ ಮೊದಲೇ ತಿಳಿಸಿ, ಅವಳು ಒಪ್ಪಿದ ಮೇಲೆ ಆ ಟೀಚರನ್ನು ಕಾಣಿ. ಮುಂಗುಸಿ, ಬಾಲ, ಫೋಮ್ ಯಾವುದರ ಮಾತೂ ಅಲ್ಲಿ ಬೇಡ, ಅದು ಅವಳ ಖಾಸಗಿ ವಿಷಯ. ಕೇಳಬೇಕಾದದ್ದು ಎರಡೇ: ಯಾರು ನಗುತ್ತಿದ್ದಾರೆ ಅಂತ ನೋಡಿ ನಿಲ್ಲಿಸಿ, ಮತ್ತು ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಇನ್ನೂ ಯಾರಿದ್ದಾರೆ ಅಂತ ತಿಳಿಸಿ. ಅವಳ ಬಸ್ಸಿನಲ್ಲೇ ಒಬ್ಬಿಬ್ಬರು ಇದ್ದರೂ ಇರಬಹುದು.